ಕೇಳುವವರ ಋಣ

“ಮನಸ್ಸಿನ ದುಃಖ ಹೇಳಿಕೊಳ್ಳುವುದಕ್ಕೂ ಫೀಸು ಕೊಡಬೇಕೇನ್ರೀ? ಹಾಗಾದರೆ ಮನೆಯವರು ಯಾತಕ್ಕೆ, ಸ್ನೇಹಿತರು ಯಾತಕ್ಕೆ?” ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮಿತ್ರರೊಬ್ಬರು ಮೊನ್ನೆ ಹೀಗೆ ಕೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಕಳೆದ ವರ್ಷ ಪ್ರತಿ ಗುರುವಾರ ಸಂಜೆ ನಾನು ಅಂಥದೇ ಫೀಸು ಕೊಟ್ಟು ಬರುತ್ತಿದ್ದೆನೆಂಬುದು ಅವರಿಗೆ ತಿಳಿಯದು. ಆದರೆ ಆ ಪ್ರಶ್ನೆ ನಕ್ಕು ಬಿಡುವಂಥದಲ್ಲ. ದುಃಖಿಯ ಮಾತಿಗೆ ಕಿವಿಗೊಡುವುದು ಮನುಷ್ಯಧರ್ಮ. ಧರ್ಮಕ್ಕೆ ಬೆಲೆ ಕಟ್ಟಬಹುದೆ?

ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆಂಬ ತಿಳಿವಳಿಕೆ ಹೊಸದೇನಲ್ಲ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು 1991ರಲ್ಲಿ ಪ್ರಕಟಿಸಿದ ಜನಪದ ಕಥಾಸಂಗ್ರಹದಲ್ಲಿ ಒಂದು ತಮಿಳು ಕಥೆಯಿದೆ. ಮಕ್ಕಳು ಸೊಸೆಯರ ಕಾಟವನ್ನು ಯಾರಲ್ಲೂ ಹೇಳಲಾರದ ವಿಧವೆಯೊಬ್ಬಳು ಎಲ್ಲವನ್ನೂ ನುಂಗಿಕೊಂಡು ದಪ್ಪವಾಗುತ್ತ ಹೋಗುತ್ತಾಳೆ. ಕೊನೆಗೊಂದು ದಿನ ಪಾಳುಮನೆಯನ್ನು ಹೊಕ್ಕು ಒಂದೊಂದು ಗೋಡೆಗೆ ಒಬ್ಬೊಬ್ಬರ ಮೇಲಿನ ದೂರು ಹೇಳುತ್ತಾಳೆ. ಆ ಭಾರಕ್ಕೆ ಗೋಡೆಗಳು ಕುಸಿಯುತ್ತವೆ. ಅವಳ ಮೈ ಇಳಿಯುತ್ತದೆ.

ವಿಯೆನ್ನಾ ನಗರದಲ್ಲಿ 1880ರಿಂದ 1882ರವರೆಗೆ ಯೋಸೆಫ್ ಬ್ರಾಯರ್ ಎಂಬ ವೈದ್ಯರ ಚಿಕಿತ್ಸೆ ಪಡೆದ ತರುಣಿಯೂ ಇದನ್ನೇ ಕಂಡುಕೊಂಡಳು. ತಂದೆಯ ಶುಶ್ರೂಷೆ ಮಾಡುತ್ತ ಮಾಡುತ್ತ ತಾನೇ ಕಾಯಿಲೆ ಬಿದ್ದವಳು ಆಕೆ. ವೈದ್ಯರೆದುರು ಮಾತನಾಡಿದಾಗ ಸಿಗುತ್ತಿದ್ದ ಬಿಡುಗಡೆಗೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟಳು. ತಮಾಷೆಗೆ ‘ಹೊಗೆಗೂಡು ಗುಡಿಸುವುದು’ ಎಂದಳು. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಅವಳ ವೃತ್ತಾಂತವನ್ನು ಪುಸ್ತಕದಲ್ಲಿ ಬರೆದರು. ಪುಸ್ತಕ ಹೇಳಿದಷ್ಟು ಸಂಪೂರ್ಣವಾಗಿ ಅವಳು ಆಗ ಗುಣವಾಗಿರಲಿಲ್ಲವೆಂದು ಮುಂದೆ ತಿಳಿದುಬಂತು. ಅದನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

ಇನ್ನು ನನ್ನ ಕಥೆ. ಊರಿನಲ್ಲಿ ತಂದೆಯವರು ಹಾಸಿಗೆ ಹಿಡಿದಿದ್ದರು. “ಒಂದು ಸಲ ಬಂದು ಹೋಗಣ್ಣ” ಎಂದು ತಮ್ಮ ಫೋನು ಮಾಡಿದ. ಮೌಲ್ಯಮಾಪನ ಮುಗಿಸಿ ಭಾನುವಾರ ಬರುತ್ತೇನೆಂದೆ. ಶುಕ್ರವಾರವೇ ಅವರು ತೀರಿಕೊಂಡರು. ಆಮೇಲೆ ನನಗೆ ನಿದ್ರೆ ಬಾರದಾಯಿತು. ಪಾಠ ಹೇಳುವಾಗ ವಾಕ್ಯದ ನಡುವೆ ಮಾತು ನಿಂತುಹೋಗತೊಡಗಿತು. ಹೇಳಿಕೊಳ್ಳಲು ಜನರಿರಲಿಲ್ಲವೆ? ಇದ್ದರು. “ನಿನ್ನ ತಪ್ಪೇನಿದೆಯೋ, ಅವರ ಆಯುಸ್ಸು ಅಷ್ಟೇ ಇತ್ತು” ಎಂದರು ಅಮ್ಮ. “ಮರೆತು ಕೆಲಸ ನೋಡಿ” ಎಂದರು ಮಿತ್ರರು. ಪ್ರೀತಿಯ ಮಾತುಗಳೇ, ಆದರೆ ಸಮಾಧಾನವೆಂಬುದು ಎಷ್ಟೋ ಸಲ ಹೇಳುವವನ ಬಾಯಿಗೆ ಮುಚ್ಚಳವಾಗುತ್ತದೆ. ನಾನೂ ಎಷ್ಟು ವಿದ್ಯಾರ್ಥಿಗಳ ಬಾಯಿಗೆ ಹೀಗೆ ಗಾದೆಯ ಮುಚ್ಚಳ ಹಾಕಿ ಕಳಿಸಿದ್ದೇನೋ!

ಕೊನೆಗೆ ವೈದ್ಯರ ಸಲಹೆಯಂತೆ ಒಬ್ಬ ಮನಶ್ಚಿಕಿತ್ಸಕಿಯ ಬಳಿಗೆ ಹೋದೆ. ನನಗಿಂತ ಹದಿನೈದು ವರ್ಷ ಚಿಕ್ಕವರು. ತಪ್ಪು ನನ್ನದಲ್ಲವೆಂದು ಅವರು ಹೇಳಲಿಲ್ಲ, ನನ್ನದೆಂದೂ ಹೇಳಲಿಲ್ಲ. “ಫೋನು ಬಂದಾಗ ನಿಮ್ಮ ಮುಂದೆ ಏನಿತ್ತು?” ಎಂದು ಕೇಳಿದರು. ಉತ್ತರಪತ್ರಿಕೆಗಳ ಕಟ್ಟು. ಎಷ್ಟು ಬಾಕಿಯಿತ್ತು? ಆ ದಿನದ ಪಾಲು ಮುಗಿದಿತ್ತು. ರಾತ್ರಿಯ ಬಸ್ಸು ಹಿಡಿಯಬಹುದಿತ್ತು. ನಾಲ್ಕನೆಯ ಗುರುವಾರ ನನ್ನ ಬಾಯಿಂದಲೇ ಒಂದು ವಾಕ್ಯ ಬಂತು: “ಹೋಗಲು ನನಗೆ ಇಷ್ಟವಿರಲಿಲ್ಲ. ಅವರ ಮೇಲೆ ಹಳೆಯ ಸಿಟ್ಟಿತ್ತು.” ಈ ಮಾತನ್ನು ಅಮ್ಮನಿಗೆ ಹೇಳಿದ್ದರೆ ಆ ಗೋಡೆ ಕುಸಿಯುತ್ತಿತ್ತು. ಈಕೆ ಕುಸಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಸಿಟ್ಟಿನ ವಿಷಯ ಹೇಳಿ” ಎಂದರು.

ಈಗ ಫೀಸಿನ ಮಾತು. ಬಂಧುಮಿತ್ರರು ಪುಕ್ಕಟೆಯಾಗಿ ಕೇಳುತ್ತಾರೆಂಬುದು ಪೂರ್ತಿ ನಿಜವಲ್ಲ. ಅವರ ಉಪದೇಶವನ್ನು ನಾವು ಪಾಲಿಸಬೇಕು. ಅವರ ಮನಸ್ಸು ನೋಯದಂತೆ ನಮ್ಮ ಕಥೆಯನ್ನು ತಿದ್ದಿ ಹೇಳಬೇಕು. ಮುಂದಿನ ಮದುವೆಮನೆಯಲ್ಲಿ ಅದು ಯಾರ ಬಾಯಲ್ಲಿ ಬರುವುದೋ ಎಂದು ಅಂಜಬೇಕು. ನಾನು 50 ನಿಮಿಷಕ್ಕೆ 1,500 ರೂಪಾಯಿ ಕೊಟ್ಟು ಏಳುವಾಗ ಅಂಥ ಋಣ ಯಾವುದೂ ಉಳಿಯುತ್ತಿರಲಿಲ್ಲ. ನಾನು ಕೊಂಡದ್ದು ಕಲಿತವರ ಹೊತ್ತನ್ನು, ಗುಟ್ಟಿನ ಭರವಸೆಯನ್ನು, ಕರುಣೆಯನ್ನಲ್ಲ. ಅಮೆರಿಕದ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಕೇಳುವವರಿಗೆ ಮೂರು ಗುಣ ಬೇಕೆಂದರು: ನಟನೆಯಿಲ್ಲದಿರುವುದು, ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಹೇಳುವವನ ಒಳಗಿನಿಂದ ನೋಡಬಲ್ಲುದು. ಇವನ್ನು ಯಾವ ಫೀಸೂ ಕೊಳ್ಳಲಾರದು. ವೈದ್ಯರಿಗೂ ಮೇಷ್ಟರಿಗೂ ಸಂಬಳ ಕೊಡುತ್ತೇವೆ. ಅಷ್ಟರಿಂದಲೇ ಅವರ ಅಕ್ಕರೆ ಸುಳ್ಳಾಗುವುದಿಲ್ಲ.

ಆದರೂ ಮಿತ್ರರ ಪ್ರಶ್ನೆಯಲ್ಲಿ ಒಂದು ಮುಳ್ಳು ಉಳಿಯುತ್ತದೆ. 1,500 ರೂಪಾಯಿ ಇಲ್ಲದವರ ಗತಿಯೇನು? ಸರ್ಕಾರ 2022ರಲ್ಲಿ 14416 ಎಂಬ ಉಚಿತ ಸಹಾಯವಾಣಿಯನ್ನು ತೆರೆದಿದೆ, ದೊಡ್ಡ ಉಪಕಾರವೇ. ಆದರೆ ವಾರವಾರವೂ ಅದೇ ಮುಖ, ಅದೇ ಕುರ್ಚಿ, ಹೋದ ವಾರ ನಿಂತ ಮಾತು—ಇದು ಬೇರೆ. ಇದು ಉಳ್ಳವರಿಗಷ್ಟೇ ಸಿಕ್ಕುವುದಾದರೆ ಅನ್ಯಾಯವೇ ಸರಿ. ಮಾತು ಎಲ್ಲಕ್ಕೂ ಮದ್ದೆಂದೂ ನಾನು ಹೇಳಲಾರೆ. ಕೆಲವು ಕಾಯಿಲೆಗಳಿಗೆ ಔಷಧವೇ ಬೇಕು. ನನ್ನ ತಪ್ಪಿನ ಅರಿವೂ ಹೋಗಿಲ್ಲ. ಮೊದಲು ಅದು ಮನೆಯನ್ನೆಲ್ಲ ತುಂಬಿತ್ತು. ಈಗ ಅದಕ್ಕೊಂದು ಮೂಲೆಯಿದೆ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಮ್ಮ ತಂದೆಯವರ ವಿಷಯ ತೆಗೆದರು. “ಹೋಗಲಿ ಬಿಡಮ್ಮ” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು; ತಡೆದುಕೊಂಡೆ. ಬಹಳ ಹೊತ್ತಿನ ಮೇಲೆ ಅವರೆಂದರು: “ನನ್ನ ಮೇಲೂ ಸಿಟ್ಟಿಟ್ಟುಕೊಂಡೇ ಹೋದರು ಕಣೋ.” ನಲವತ್ತು ದಾಟಿದ ಮಗ ತಾಯಿಯ ಬಾಯಿಂದ ಮೊದಲ ಸಲ ಕೇಳಿದ ಮಾತು ಅದು.

ಈ ಬರಹ ನನ್ನ ಮಿತ್ರರ ಕಣ್ಣಿಗೂ ಬೀಳಬಹುದು. ಅಂದು ಅವರೊಡನೆ ನಾನು ನಗಬಾರದಿತ್ತು. ಆ ಕೊಠಡಿಯಲ್ಲಿ, ನನ್ನಂತೆಯೇ ನಿದ್ರೆಗೆಟ್ಟ ಇನ್ನೊಬ್ಬರು ನನ್ನ ನಗುವನ್ನು ಕೇಳಿ ಬಾಯಿ ಮುಚ್ಚಿಕೊಂಡಿರಲಾರರೆ?