ನಿದ್ರೆಯೂ ಅರಿವಳಿಕೆಯೂ



ಕೆಲವು ತಿಂಗಳ ಹಿಂದೆ ವೃದ್ಧ ತಾಯಿಯೋರ್ವರು ಮಠಕ್ಕೆ ಬಂದಿದ್ದರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ವೈದ್ಯರು ಹೇಳಿದ್ದರು. ಮಕ್ಕಳು ಒಪ್ಪಿದ್ದರು; ತಾಯಿಯವರು ಒಪ್ಪಿರಲಿಲ್ಲ. ಅವರಿಗೆ ಶಸ್ತ್ರದ ಭಯವಿರಲಿಲ್ಲ. “ಬುದ್ಧೀ, ನನಗೆ ಅರಿವಳಿಕೆ ಕೊಡುತ್ತಾರಂತೆ. ಅರಿವನ್ನು ಅಳಿಸುವುದೆಂದು ಹೆಸರೇ ಹೇಳುತ್ತದಲ್ಲವೇ? ಅಷ್ಟು ಹೊತ್ತು ನಾನು ಎಲ್ಲಿರುತ್ತೇನೆ? ಆ ಮರವೆಯಲ್ಲಿಯೇ ಉಸಿರು ನಿಂತರೆ ಲಿಂಗದ ನೆನಹಿಲ್ಲದೆ ಹೋದಂತಾಗುವುದಿಲ್ಲವೇ?” ಎಂದು ಕೇಳಿದರು.

ಈ ಪ್ರಶ್ನೆ ಸಾಮಾನ್ಯವಾದುದಲ್ಲ. ಅರಿವನ್ನು ಗುರುಸ್ಥಾನದಲ್ಲಿಟ್ಟು ಗೌರವಿಸಿದ ಪರಂಪರೆ ನಮ್ಮದು. ಮೂಗಿಗೆ ಹಿಡಿದ ಒಂದಿಷ್ಟು ಆವಿ, ರಕ್ತನಾಳಕ್ಕೆ ಸೇರಿದ ಒಂದಿಷ್ಟು ಔಷಧ ಆ ಅರಿವನ್ನೇ ಅಳಿಸಬಲ್ಲುದಾದರೆ ನಾವು ನಂಬಿದುದರ ಗತಿಯೇನು? ಆದುದರಿಂದ ನಿದ್ರೆಯೆಂದರೇನು, ಅರಿವಳಿಕೆಯೆಂದರೇನು ಎಂಬುದನ್ನು ಇಂದು ಸಮಾಧಾನದಿಂದ ವಿಚಾರಿಸೋಣ.

ನಿದ್ರೆಯೆಂದರೆ ಮಿದುಳು ದೀಪವಾರಿಸಿ ಸುಮ್ಮನಾಗುವುದೆಂದು ಬಹುಕಾಲ ಜನರು ಭಾವಿಸಿದ್ದರು. ಅದು ಹಾಗಲ್ಲ. 1916ರ ಸುಮಾರಿಗೆ ಯೂರೋಪಿನಲ್ಲಿ ವಿಚಿತ್ರವಾದ ಮಿದುಳಿನ ರೋಗವೊಂದು ಹಬ್ಬಿತು. ಕೆಲವು ರೋಗಿಗಳು ಹಗಲಿರುಳೂ ಮಲಗಿಯೇ ಇದ್ದರು. ಬೇರೆ ಕೆಲವರಿಗೆ ನಿದ್ರೆಯೇ ಹತ್ತಲಿಲ್ಲ. ವಿಯೆನ್ನಾ ನಗರದ ವೈದ್ಯರಾದ ಫಾನ್ ಇಕಾನಮೊ ಎಂಬವರು ಮೃತರ ಮಿದುಳುಗಳನ್ನು ಪರೀಕ್ಷಿಸಿದರು. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗದ ಹಿಂಬದಿಗೆ ಪೆಟ್ಟಾದವರು ಅತಿನಿದ್ರೆಗೂ, ಮುಂಬದಿಗೆ ಪೆಟ್ಟಾದವರು ನಿದ್ರಾಹೀನತೆಗೂ ಗುರಿಯಾಗಿದ್ದರೆಂದು ತೋರಿಸಿಕೊಟ್ಟರು. ಎಂದರೆ ಎಚ್ಚರಿಸುವ ಸ್ಥಾನವೂ ಮಲಗಿಸುವ ಸ್ಥಾನವೂ ನಮ್ಮೊಳಗೇ ಇವೆ.

ಹಗಲೆಲ್ಲ ದುಡಿದ ಮಿದುಳಿನಲ್ಲಿ ಅಡೆನೋಸಿನ್ ಎಂಬ ದ್ರವ್ಯವು ಕ್ರಮೇಣ ಕೂಡುತ್ತ ಬಂದು ಕಣ್ಣೆಳೆಯತೊಡಗುತ್ತದೆ. ಕಾಫಿಯಲ್ಲಿರುವ ಕೆಫೀನ್ ಈ ಅಡೆನೋಸಿನ್ ಕೂಡಬೇಕಾದ ಸ್ಥಾನವನ್ನು ತಾನು ಆಕ್ರಮಿಸಿಕೊಳ್ಳುವುದರಿಂದ ನಿದ್ರೆ ದೂರವಾದಂತೆ ತೋರುತ್ತದೆ. ಸಾಲ ತೀರಿದುದಲ್ಲ, ಸಾಲ ಕೊಟ್ಟವನನ್ನು ಬಾಗಿಲಲ್ಲಿ ನಿಲ್ಲಿಸಿದುದು ಮಾತ್ರ. ಕತ್ತಲಾದಾಗ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ ರಾತ್ರಿಯಾಯಿತೆಂದು ದೇಹಕ್ಕೆ ಸಾರುತ್ತದೆ. ಆಗ ಹೈಪೋಥಲಾಮಸ್‌ನ ಮುಂಬದಿಯ ನರಕೋಶಗಳು ಗಾಬಾ ಎಂಬ ಶಮನದ್ರವ್ಯದಿಂದ ಎಚ್ಚರದ ಕೇಂದ್ರಗಳನ್ನು ಶಾಂತಗೊಳಿಸುತ್ತವೆ. 1998ರಲ್ಲಿ ಕಂಡುಹಿಡಿಯಲಾದ ಒರೆಕ್ಸಿನ್ ಎಂಬ ಮತ್ತೊಂದು ದ್ರವ್ಯವು ಎಚ್ಚರವನ್ನು ಅಲುಗದಂತೆ ಹಿಡಿದಿಡುತ್ತದೆ. ಅದನ್ನು ಸಿದ್ಧಪಡಿಸುವ ಕೋಶಗಳು ನಶಿಸಿದವರು ಹಗಲಿನಲ್ಲಿ ಮಾತನಾಡುತ್ತಲೇ ನಿದ್ರೆಗೆ ಜಾರುವುದುಂಟು.

ನಿದ್ರೆಯಲ್ಲಿಯೂ ಘಟ್ಟಗಳಿವೆ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗಳು ವೇಗವಾಗಿ ಚಲಿಸುವ ಘಟ್ಟವನ್ನು 1953ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿದ್ವಾಂಸರು ಪ್ರಕಟಿಸಿದರು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಗಾಢನಿದ್ರೆಯೂ ಕನಸಿನ ನಿದ್ರೆಯೂ ಸುಮಾರು 90 ನಿಮಿಷಗಳಿಗೊಂದು ಸುತ್ತಿನಂತೆ ರಾತ್ರಿಯಿಡೀ ಬಂದು ಹೋಗುತ್ತವೆ. ಇಷ್ಟಾದರೂ ಮನೆಯ ಕಾವಲು ತಪ್ಪಿರುವುದಿಲ್ಲ. ಬೀದಿಯ ಗದ್ದಲಕ್ಕೆ ಏಳದ ತಾಯಿ ತೊಟ್ಟಿಲ ಕೂಸು ಮುಲುಗಿದೊಡನೆ ಏಳುತ್ತಾಳೆ. ನಿದ್ರಿಸುವವನಿಗೆ ಅವನ ದೇಹವೇ ಕಾವಲುಗಾರ.

ಅರಿವಳಿಕೆಯ ಸಂಗತಿ ಬೇರೆ. 1846ನೆಯ ಇಸವಿ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ರೋಗಿಯೋರ್ವನಿಗೆ ಈಥರ್ ಆವಿಯನ್ನು ಉಸಿರಾಡಿಸಿದರು. ಜಾನ್ ವಾರೆನ್ ಎಂಬ ಹಿರಿಯ ಶಸ್ತ್ರವೈದ್ಯರು ಅವನ ಕುತ್ತಿಗೆಯ ಗಡ್ಡೆಗೆ ಶಸ್ತ್ರಕ್ರಿಯೆ ಮಾಡಿದರು. ರೋಗಿಯು ಚೀರಲಿಲ್ಲ, ಹೊರಳಾಡಲಿಲ್ಲ. ಅದಕ್ಕೆ ಮುನ್ನ ಬಲವಂತರಾದ ಆಳುಗಳು ರೋಗಿಯನ್ನು ಅದುಮಿ ಹಿಡಿಯಬೇಕಾಗಿತ್ತು. ಆ ನೋವನ್ನು ನೆನೆದೇ ಎಷ್ಟೋ ಜನರು ಚಿಕಿತ್ಸೆಯನ್ನು ಬಿಟ್ಟು ಸಾವನ್ನೇ ಒಪ್ಪಿಕೊಳ್ಳುತ್ತಿದ್ದರು. ಮನುಷ್ಯನ ದುಃಖವನ್ನು ಇಷ್ಟು ಕಡಿಮೆ ಮಾಡಿದ ದಿನಗಳು ಚರಿತ್ರೆಯಲ್ಲಿ ವಿರಳ.

ಇಂದು ಬಳಸುವ ಔಷಧಗಳು ಬೇರೆ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಎಂಬ ಔಷಧವು ಮೇಲೆ ಹೇಳಿದ ಗಾಬಾದ ಕಾರ್ಯವನ್ನೇ ಬಲಪಡಿಸಿ ಕ್ಷಣಾರ್ಧದಲ್ಲಿ ಎಂಬಂತೆ ಎಚ್ಚರವನ್ನು ತಗ್ಗಿಸುತ್ತದೆ. ಕೆಟಮಿನ್ ಎಂಬುದು ನರಕೋಶಗಳನ್ನು ಪ್ರಚೋದಿಸುವ ಗ್ಲುಟಮೇಟ್ ದ್ರವ್ಯದ ಒಂದು ದಾರಿಯನ್ನು ಕಟ್ಟುತ್ತದೆ. ದಾರಿಗಳು ಬೇರೆಯಾದರೂ ಮುಟ್ಟುವ ಸ್ಥಳ ಒಂದೇ: ಮಿದುಳಿನ ಒಂದು ಭಾಗಕ್ಕೂ ಮತ್ತೊಂದಕ್ಕೂ ನಡೆಯುವ ಸಂವಾದ ಕಡಿದುಹೋಗುತ್ತದೆ. ಊರಿನಲ್ಲಿ ಮನೆಗಳೆಲ್ಲ ಇದ್ದೂ ಒಂದು ಕೇರಿಯ ಮಾತು ಇನ್ನೊಂದಕ್ಕೆ ಮುಟ್ಟದಂತಹ ಸ್ಥಿತಿ ಅದು. ಬಹಳ ಆಳವಾದ ಅರಿವಳಿಕೆಯಲ್ಲಿ ಮಿದುಳಿನ ವಿದ್ಯುತ್ತರಂಗಗಳು ನಡುನಡುವೆ ಸಮತಟ್ಟಾಗಿಬಿಡುತ್ತವೆ, ಸಹಜನಿದ್ರೆಯಲ್ಲಿ ಹೀಗಾಗುವುದಿಲ್ಲ. ಆದುದರಿಂದಲೇ ಎಮರಿ ಬ್ರೌನ್ ಮತ್ತು ಇನ್ನಿಬ್ಬರು ವಿದ್ವಾಂಸರು 2010ರಲ್ಲಿ ಪೂರ್ಣ ಅರಿವಳಿಕೆಯನ್ನು ನಿದ್ರೆಯೆನ್ನದೆ, ಔಷಧದಿಂದ ಉಂಟುಮಾಡಿದ, ಮರಳಿ ಬರಬಹುದಾದ ಕೋಮಾ ಎಂದು ವಿವರಿಸಿದರು.

ಈ ಸ್ಥಿತಿಯಲ್ಲಿ ಕೂಗಿದರೂ ಎಚ್ಚರವಿಲ್ಲ, ಕೊಯ್ದರೂ ಎಚ್ಚರವಿಲ್ಲ. ಉಸಿರಾಟವೇ ಕುಗ್ಗುವುದುಂಟು. ದೇಹವು ತನ್ನ ಕಾವಲನ್ನು ಬಿಟ್ಟುಕೊಟ್ಟಿರುವುದರಿಂದ ಆ ಕಾವಲನ್ನು ಮತ್ತೊಬ್ಬರು ಹೊರಬೇಕು. ಅರಿವಳಿಕೆಯ ವೈದ್ಯರು ರೋಗಿಯ ತಲೆದೆಸೆಯಲ್ಲಿದ್ದು ಉಸಿರು, ನಾಡಿ, ರಕ್ತದೊತ್ತಡ, ರಕ್ತದಲ್ಲಿನ ಆಮ್ಲಜನಕ ಇವುಗಳನ್ನು ಎಡೆಬಿಡದೆ ನೋಡಿಕೊಳ್ಳುತ್ತಾರೆ. ಶಸ್ತ್ರವೈದ್ಯರ ಹೆಸರನ್ನು ಊರೆಲ್ಲ ಬಲ್ಲುದು. ತಲೆದೆಸೆಯಲ್ಲಿ ಕಾದವರ ಹೆಸರನ್ನು ಕೇಳುವವರಿಲ್ಲ. ಹೆಸರು ಬಯಸದೆ ಇನ್ನೊಬ್ಬರ ಉಸಿರನ್ನು ಕಾಯುವ ಈ ದುಡಿಮೆ ಕಾಯಕವಲ್ಲದೆ ಮತ್ತೇನು?

ಇನ್ನು ತಾಯಿಯವರ ಪ್ರಶ್ನೆ. ಅರಿವು ಅಳಿಯುತ್ತದೆಯೇ? ಅಳಿದುದು ಮರಳಿ ಬರುವುದೆಂತು? ಔಷಧದ ಬಲ ಇಳಿದ ಮೇಲೆ ಅದೇ ನೆನಪು, ಅದೇ ಮಮತೆ, ಅದೇ ಭಕ್ತಿ ತಮ್ಮ ತಮ್ಮ ಸ್ಥಾನಕ್ಕೆ ಬರುತ್ತವೆ. ನಿಂತುದು ಎಚ್ಚರ ಮಾತ್ರ. ಎಚ್ಚರವು ಮಿದುಳನ್ನು ಆಶ್ರಯಿಸಿದೆಯೆಂದು ಒಪ್ಪಿಕೊಳ್ಳುವುದಕ್ಕೆ ನಾವು ಅಂಜಬೇಕಾಗಿಲ್ಲ; ಕಣ್ಣಿಲ್ಲದೆ ನೋಟವಿಲ್ಲವೆಂದು ಒಪ್ಪಿದವರಿಗೆ ಇದೇನು ಹೊಸದೇ? ಆ ಮಿದುಳಿನ ಸಂವಾದದಿಂದ ‘ನಾನು’ ಎಂಬ ಅನುಭವ ಹೇಗೆ ಮೂಡುತ್ತದೆಂಬುದು ವಿಜ್ಞಾನಿಗಳಲ್ಲಿ ಇಂದಿಗೂ ಚರ್ಚೆಯ ವಿಷಯವಾಗಿದೆ. ಆದರೆ ಶರಣರು ಅರಿವೆಂದುದು ಬರಿಯ ಎಚ್ಚರವನ್ನಲ್ಲ. ಕಣ್ತೆರೆದಿದ್ದೂ ಬಾಗಿಲಲ್ಲಿ ನಿಂತ ಹಸಿದವನನ್ನು ಕಾಣದವನು ಎಚ್ಚರದಲ್ಲಿದ್ದಾನೆ, ಅರಿವಿನಲ್ಲಿಲ್ಲ. ಯಾವ ಔಷಧವನ್ನೂ ಸೇವಿಸದೆ ವರುಷಗಟ್ಟಲೆ ಮರವೆಯಲ್ಲಿರುವವರು ನಮ್ಮ ನಡುವೆ ಎಷ್ಟು ಮಂದಿಯಿಲ್ಲ! ಅಂಜಬೇಕಾದುದು ಆ ಮರವೆಗೆ.

ನಾವು ಹೇಳಿದೆವು: “ತಾಯಿ, ಪ್ರತಿರಾತ್ರಿಯೂ ನೀವು ನೆನಹನ್ನು ಕೆಳಗಿಟ್ಟೇ ಮಲಗುತ್ತೀರಿ. ಹಾಗೆಂದು ಶಿವನು ನಿಮ್ಮನ್ನು ಬಿಟ್ಟನೇ? ನಾವು ನೆನೆದಾಗ ಮಾತ್ರ ಅವನು ನಮ್ಮನ್ನು ನೆನೆಯುವನೆಂದರೆ ಅದು ಭಕ್ತಿಯಲ್ಲ, ವ್ಯಾಪಾರ. ಎಪ್ಪತ್ತು ವರುಷ ಅಂಗದ ಮೇಲೆ ಹೊತ್ತು ನಡೆದ ಲಿಂಗವು ಮೂರು ಗಂಟೆಯ ಮಂಪರಿನಲ್ಲಿ ಅನ್ಯವಾಗುವುದಿಲ್ಲ.”

ಆದರೆ ನಂಬಿಕೆಯ ಹೆಸರಿನಲ್ಲಿ ಅಜಾಗರೂಕತೆ ಸಲ್ಲದು. ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸವಿರಬೇಕೆಂದು ವೈದ್ಯರು ಹೇಳುತ್ತಾರೆ. ಸಾಮಾನ್ಯವಾಗಿ ಲಘು ಆಹಾರಕ್ಕೆ 6 ಗಂಟೆ, ತಿಳಿನೀರಿಗೆ 2 ಗಂಟೆಯ ಅಂತರವಿರಬೇಕು. ಅರಿವಳಿಕೆಯಲ್ಲಿ ಗಂಟಲಿನ ಕಾವಲೂ ಸಡಿಲುವುದರಿಂದ ಹೊಟ್ಟೆಯಲ್ಲಿದ್ದುದು ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೆ ಅಪಾಯ ತರಬಹುದು. ಬೆಳಗಿನ ಪೂಜೆಯಾದ ಮೇಲೆ ಒಂದು ತುತ್ತು ಪ್ರಸಾದವನ್ನೋ ಒಂದು ಲೋಟ ಹಾಲನ್ನೋ ತೆಗೆದುಕೊಂಡು ಅದನ್ನು ಮುಚ್ಚಿಡುವ ಹಿರಿಯರುಂಟು. ಹಾಗೆ ಮಾಡಬೇಡಿರಿ, ಆಗಿಹೋಗಿದ್ದರೆ ಮುಚ್ಚಿಡಬೇಡಿರಿ. ಬೀಡಿ, ಮದ್ಯ, ನಾಟಿ ಔಷಧ, ನಿದ್ರೆಯಲ್ಲಿ ಗೊರಕೆಯ ನಡುವೆ ಉಸಿರು ನಿಲ್ಲುವುದು, ಯಾವುದನ್ನೂ ಮರೆಮಾಚಬಾರದು. ಅಲ್ಲಿ ನುಡಿದ ಸತ್ಯವೇ ನಿಮ್ಮ ರಕ್ಷೆ.

ಅಂತೆಯೇ ನಿದ್ರೆ ಬಾರದೆಂದು ಅಂಗಡಿಯ ಗುಳಿಗೆಯನ್ನು ತಾವೇ ತಂದು ನುಂಗುವುದೂ, ಮದ್ಯದಿಂದ ಮಂಪರನ್ನು ಬರಿಸಿಕೊಳ್ಳುವುದೂ ಸಲ್ಲದು. ಅದು ಒಳಗಿನ ಕಾವಲುಗಾರನಿಗೆ ವಿಷವಿಟ್ಟು ಮನೆಯ ಬಾಗಿಲು ಮುಚ್ಚಿದಂತೆ. ಬೆಳೆದವರಿಗೆ ರಾತ್ರಿ 7 ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ದುಡಿದು ದಣಿದ ದೇಹಕ್ಕೆ ಅದರ ಪಾಲನ್ನು ಕೊಡುವುದು ಸೋಮಾರಿತನವಲ್ಲ. ಕಾಯಕಕ್ಕೆ ಬೇಕಾದ ಕಾಯವನ್ನು ಉಳಿಸಿಕೊಳ್ಳುವುದೂ ಧರ್ಮವೇ.

ಆ ತಾಯಿಯವರು ಒಪ್ಪಿದರು, ಶಸ್ತ್ರಚಿಕಿತ್ಸೆಯಾಯಿತು. ತಿಂಗಳಾದ ಮೇಲೆ ಮೊಮ್ಮಗನ ಕೈಹಿಡಿದು ಮಠಕ್ಕೆ ಬಂದರು. “ಬುದ್ಧೀ, ಕಣ್ಣು ಮುಚ್ಚಿದೆ, ತೆರೆದೆ, ನಡುವೆ ಹೊತ್ತೇ ಇರಲಿಲ್ಲ. ನಿದ್ರೆಯಾದರೆ ರಾತ್ರಿ ಕಳೆಯಿತೆಂದಾದರೂ ತೋರುತ್ತದೆ” ಎಂದರು. ಕ್ಷಣಕಾಲ ತಡೆದು, “ನನಗಾಗಿ ಎಚ್ಚರವಿದ್ದ ಆ ಡಾಕ್ಟರಮ್ಮನ ಹೆಸರನ್ನು ಕೇಳಿ ತಿಳಿದುಕೊಂಡು ಬಂದೆ” ಎಂದರು.

ನಮಗಾಗಿ ಎಚ್ಚರವಿರುವವರನ್ನು ಮರೆಯದಿರೋಣ. ನಮ್ಮ ಎಚ್ಚರವೂ ಮತ್ತೊಬ್ಬರ ಪಾಲಿಗೆ ಕಾವಲಾಗಲಿ.