ಸಂಕಮ್ಮ ಕೊಡದ ಭಾಷೆ

ಮಲೆ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು, ಅಂದರೆ ಅವಳ ಕಥೆಯ ಭಾಗ, ಶುರುವಾಯಿತೆಂದರೆ ನಮ್ಮ ಮಂಡ್ಯ ಸೀಮೆಯ ಹೆಂಗಸರು ನಿದ್ದೆ ಎಷ್ಟೇ ಎಳೆದರೂ ಎದ್ದು ಹೋಗುವುದಿಲ್ಲ. ಅವಳ ಗಂಡ, ಸೋಲಿಗರ ನೀಲೇಗೌಡ ಜೇನು ತರಲು ಹೊರಟಿದ್ದಾನೆ. ತಾನು ಬರುವ ತನಕ ನೆಟ್ಟಗಿರುತ್ತೇನೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಇಲ್ಲ. ಕಡೆಗೆ ನಡುಗಾಡಿನ ಗುಡಿಸಲಲ್ಲಿ ಅವಳನ್ನು ಕಟ್ಟಿಹಾಕಿ ಹೋಗಿಬಿಡುತ್ತಾನೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಈ ಕಾವ್ಯ 1973ರಲ್ಲೇ ಅಚ್ಚಾಗಿದೆ. ನಾನು ಕೇಳಿದ್ದು ಮಾತ್ರ ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರ ಬಾಯಲ್ಲಿ, ಕಂಸಾಳೆಯ ಬಟ್ಟಲಿಗೆ ತಾಳ ತಾಗುವ ಸದ್ದಿನ ಜೊತೆಗೆ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಭತ್ತದ ತಾಕುಗಳಲ್ಲಿ ನಾಟಿ ಹಾಕುವಾಗ ನಮ್ಮೊಳಗೆ ಸಂಕಮ್ಮ ಭಾಷೆ ಕೊಡದ ಮಾತು ಬರುತ್ತಿತ್ತು. ಎಡಗೈಲಿ ಪೈರಿನ ಕಟ್ಟು, ಬಲಗೈ ಕೆಸರಲ್ಲಿ. "ಒಂದ್ ಮಾತು ಕೊಟ್ಬುಟ್ಟಿದ್ರೆ ಆಗ್ತಿತ್ತಲ್ವ?" ಎಂದಳು ಒಬ್ಬಳು ಚಿಕ್ಕವಳು. ಪಕ್ಕದ ಸಾಲಿನ ಅಜ್ಜಿ ಬಗ್ಗಿದ ಬೆನ್ನು ಎತ್ತದೆ, "ಇವತ್ತು ಕೊಟ್ರೆ ನಾಳೆ ಇನ್ನೊಂದ್ ಕೇಳ್ತಿದ್ದ ಕಣವ್ವ" ಎಂದರು.

ಅಜ್ಜಿಯ ಮಾತೇ ಸರಿ. ನಮ್ಮ ಯಜಮಾನರು ಮಾತ್ರ ಅಂಥ ಭಾಷೆ ಎಂದೂ ಕೇಳಲಿಲ್ಲ. ಲಾರಿ ಹತ್ತಿದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಹೊರಡುವಾಗ ಬುತ್ತಿಗೆ ಹುರುಳಿ ಚಟ್ನಿ ಹಾಕಿದೆಯಾ ಎಂದು ಕೇಳುತ್ತಿದ್ದರು, ಅಷ್ಟೇ. ಅವರು ತೀರಿಕೊಂಡ ಮೇಲೆ ಒಂಟಿ ಮನೆಯಲ್ಲಿ ಕೂತಾಗ, ಅವರು ಕೇಳದೆ ಬಿಟ್ಟದ್ದು ಎಷ್ಟು ದೊಡ್ಡದೆಂದು ಗೊತ್ತಾಗುತ್ತಿದೆ.

ಆದರೆ ಇದೇ ಸಂಕಮ್ಮ, ಗುಡಿಸಲಿಗೆ ಬಂದು ತನ್ನನ್ನು ಬಿಡಿಸಿದ ಮಾದಪ್ಪನಿಗೆ, ಅಂದರೆ ಮಾದೇಶ್ವರನಿಗೆ, ಮಾತು ಕೊಟ್ಟಳಲ್ಲ? ಹುಟ್ಟುವ ಮಕ್ಕಳು ನಿನ್ನ ಗುಡ್ಡರು, ನಿನ್ನ ಶಿಷ್ಯರಾಗಲಿ ಎಂದು ಒಪ್ಪಿದಳು. ಅವಳ ಮಕ್ಕಳಾದ ಕಾರಯ್ಯ, ಬಿಲ್ಲಯ್ಯ ಹುಟ್ಟಿದ್ದು ಮಾದಪ್ಪನ ವರದಿಂದ. ನೀಲೇಗೌಡ ಕೇಳಿದ್ದು ಕೈಯಲ್ಲಿ ಹಗ್ಗ ಹಿಡಿದು. ಮಾದಪ್ಪ ಕೇಳಿದ್ದು ಕಟ್ಟು ಬಿಚ್ಚಿದ ಮೇಲೆ. ಬಿಡುಗಡೆಯಾದವಳು ತಾನಾಗಿ ಕೊಟ್ಟದ್ದನ್ನೇ ನಾನು ಭಕ್ತಿ ಎನ್ನುತ್ತೇನೆ. ಹೆದರಿಸಿ ಪಡೆದ ಭಾಷೆ ದೇವರ ಹೆಸರಲ್ಲಿದ್ದರೂ ನನಗೆ ಬೇಡ.

ಅವಳು ಪಟ್ಟ ಪಾಡೆಲ್ಲ ದೇವರ ಪರೀಕ್ಷೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಟ್ಟಿದವನು ಗಂಡ. ಅವನ ಅನುಮಾನದ ಪಾಪವನ್ನು ಮಾದಪ್ಪನ ತಲೆಗೆ ಯಾಕೆ ಕಟ್ಟಬೇಕು? ಮಾದಪ್ಪ ಇನ್ನಷ್ಟು ಬೇಗ ಬರಬೇಕಿತ್ತು ಎಂಬ ದೂರು ನನ್ನದೂ ಇದೆ. ಅದನ್ನು ಅವನ ಮುಂದೆಯೇ, ಸೋಮವಾರ ಸೋಮವಾರ ಹೇಳುತ್ತೇನೆ.