ಇಂದಿನ ಧಮ್ಮ ಚಿಂತನೆ: ಮಿಲಿಂದನ ರಥ, ನಮ್ಮಪ್ಪನ ಯೆಜ್ಡಿ



ಬಂಧುಗಳೇ, ಇಂದಿನ ಚಿಂತನೆಯ ಸರದಿ ನನ್ನದು. ಸ್ವಲ್ಪ ಉದ್ದವಾಗಿದೆ. ಬೆಳಗಿನ ಗಡಿಬಿಡಿಯಲ್ಲಿರುವವರು ರಾತ್ರಿ ಊಟವಾದ ಮೇಲೆ ಓದಿಕೊಳ್ಳಿ.

ಎರಡು ವರ್ಷದ ಹಿಂದೆ ಇದೇ ಗುಂಪಿಗೆ ನಾನು ಮಿಲಿಂದ ರಾಜನ ರಥದ ಬಗ್ಗೆ ಬರೆದಿದ್ದೆ. ಹಲವರು ‘ಸಾಧು ಸಾಧು’ ಎಂದಿರಿ. ಕೆಲವರು ಬೇರೆ ಗುಂಪುಗಳಿಗೂ ಕಳಿಸಿದಿರಿ. ಆಗ ನಾನು ನಿಮಗೊಂದು ಸುಳ್ಳು ಹೇಳಿದ್ದೆ. ಅದನ್ನು ತಿದ್ದುವುದಕ್ಕಾಗಿ ಈ ಬರಹ.

ಹೊಸದಾಗಿ ಸೇರಿದವರಿಗಾಗಿ ರಥದ ಪ್ರಸಂಗವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಯವನ ದೊರೆ ಮಿಲಿಂದನನ್ನು ಪೂಜ್ಯ ನಾಗಸೇನರು ಕೇಳುತ್ತಾರೆ: ನಡೆದು ಬಂದಿರೋ, ರಥದಲ್ಲಿ ಬಂದಿರೋ? ರಥದಲ್ಲಿ ಎನ್ನುತ್ತಾನೆ ರಾಜ. ಹಾಗಾದರೆ ರಥ ಯಾವುದು? ಗಾಲಿಯೋ, ಅಚ್ಚೋ, ನೊಗವೋ, ಮೂಕಿಯೋ? ಒಂದೊಂದಕ್ಕೂ ರಾಜ ಅಲ್ಲ ಅಲ್ಲ ಎನ್ನುತ್ತಾ ಹೋಗುತ್ತಾನೆ. ಇವೆಲ್ಲ ಕೂಡಿದಾಗ ರಥ ಎಂಬ ಹೆಸರು ಹುಟ್ಟುತ್ತದೆ, ಅಷ್ಟೇ ಎಂದು ಕೊನೆಗೆ ಒಪ್ಪುತ್ತಾನೆ. ನಾಗಸೇನ ಎಂಬುದೂ ಅಂಥದೇ ಒಂದು ಹೆಸರು. ಇದಕ್ಕೂ ಮೊದಲೇ ಶ್ರಾವಸ್ತಿಯಲ್ಲಿ ವಜಿರಾ ಎಂಬ ಭಿಕ್ಖುಣಿ ಮಾರನಿಗೆ ಇದೇ ಉಪಮೆಯಿಂದ ಉತ್ತರ ಕೊಟ್ಟಿದ್ದರು. ನಾವು ಆಕೆಯನ್ನು ಮರೆತು ರಾಜನ ಕಥೆಯನ್ನೇ ಹೇಳುತ್ತೇವೆ, ಆ ಮಾತು ಬೇರೆ.

ನನ್ನ ಬರಹದಲ್ಲಿ ರಥದ ಜಾಗದಲ್ಲಿ ನಮ್ಮಪ್ಪನ ಯೆಜ್ಡಿಯನ್ನು ನಿಲ್ಲಿಸಿದ್ದೆ.

ಮೈಸೂರು ಸೀಮೆಯವರಿಗೆ ಯೆಜ್ಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ ಚೆಕೊಸ್ಲೊವಾಕಿಯದ ಪರವಾನಗಿಯ ಮೇಲೆ ಜಾವಾ ತಯಾರಾಗುತ್ತಿತ್ತು. 1973ರಿಂದ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಉತ್ಪಾದನೆ ನಿಂತಿತು. ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಒಂದೇ ಲಿವರು: ಮೇಲಕ್ಕೆತ್ತಿದರೆ ಕಿಕ್ಕರ್, ಸ್ಟಾರ್ಟಾದ ಮೇಲೆ ಮುಂದಕ್ಕೆ ತಿರುಗಿಸಿದರೆ ಅದೇ ಗೇರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ನಮ್ಮ ಮಾಡೆಲಿನಲ್ಲಿ ಸ್ಪೀಡೋಮೀಟರು, ಕೀಲಿ ಹಾಕುವ ಜಾಗ ಎರಡೂ ಹೆಡ್‌ಲೈಟಿನ ತಲೆಯ ಮೇಲೇ. ಕೀಲಿ ಎಂದರೆ ಒಂದು ಮೊಳೆಯಂಥದ್ದು.

ಅಪ್ಪ ರೇಷ್ಮೆ ಇಲಾಖೆಯಲ್ಲಿ ಕೆಳಗಿನ ದರ್ಜೆಯ ನೌಕರ. ಊರೂರು ತಿರುಗುವ ಕೆಲಸ. ಸೆಕೆಂಡ್ ಹ್ಯಾಂಡ್ ಯೆಜ್ಡಿ ತಂದಾಗ ನಾನು ನಾಲ್ಕನೇ ಕ್ಲಾಸು. ನಮ್ಮ ತಾತ ಊರ ಮುಂದಿನ ಬೀದಿಯಲ್ಲಿ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಅದೇ ಬೀದಿಯಲ್ಲಿ ಅಪ್ಪ ಆ ಗಾಡಿಯನ್ನು ಡುಬುಡುಬು ಎನ್ನಿಸಿಕೊಂಡು ಹೋದರು. ಟ್ಯಾಂಕಿನ ಮೇಲೆ ನಾನು ಕೂತಿದ್ದೆ. ಆ ಗಾಡಿಯ ಮೇಲೆ ನನಗಿರುವುದು ಬರೀ ವ್ಯಾಮೋಹವಲ್ಲ ಎಂಬುದಕ್ಕೆ ಇಷ್ಟು ಹೇಳಿದೆ. ವ್ಯಾಮೋಹಕ್ಕೆ ಒಳ್ಳೆಯ ಕಾರಣ ಸಿಕ್ಕಿಬಿಟ್ಟರೆ ಅದು ಇನ್ನೂ ಗಟ್ಟಿಯಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಅಪ್ಪ ತೀರಿಕೊಂಡ ಮೇಲೆ ಗಾಡಿ ಕೊಟ್ಟಿಗೆಯಲ್ಲಿ ಟಾರ್ಪಾಲಿನಡಿ ಮೂರು ಮಳೆಗಾಲ ಕಳೆಯಿತು. ರಿಪೇರಿಗೆ ಮೈಸೂರಿನ ಒಬ್ಬ ಹಳೆಯ ಮೆಕ್ಯಾನಿಕ್ ಹತ್ತಿರ ಒಯ್ದೆ. ಎಪ್ಪತ್ತು ದಾಟಿದ ಅಜ್ಜ, ಇಡೀ ಆಯುಷ್ಯ ಜಾವಾ-ಯೆಜ್ಡಿಯಲ್ಲೇ ಸವೆಸಿದವರು. ಎಂಜಿನ್ ಬಿಚ್ಚಿ ಹರವಿದರು. ಸಿಲಿಂಡರನ್ನು ಕೊನೆಯ ಸೈಜಿನವರೆಗೂ ಬೋರ್ ಮಾಡಿಸಿಯಾಗಿತ್ತು, ಇನ್ನು ಕೊರೆಯಲು ಬರುವಂತಿರಲಿಲ್ಲ. ಕ್ರ್ಯಾಂಕ್ ಸೀಲ್ ಹೋಗಿ ಗೇರ್‌ಬಾಕ್ಸಿನ ಆಯಿಲ್ಲು ಎಂಜಿನ್ನಿನೊಳಕ್ಕೆ ಎಳೆದುಕೊಂಡಿತ್ತು. ಬೀದಿ ತುಂಬ ಬಿಳಿ ಹೊಗೆ ಬಿಡುತ್ತಿದ್ದುದು ಅದಕ್ಕೇ. ಒಂದು ಗೇರಿನ ಹಲ್ಲು ಮುರಿದಿತ್ತು. ಹೆಡ್‌ಲೈಟಿನ ಬುಟ್ಟಿ ತುಕ್ಕು ತಿಂದು ಬೆರಳಿಟ್ಟರೆ ತೂತಾಗುತ್ತಿತ್ತು. 

‘ಸಿಲಿಂಡರಿಗೆ ಸ್ಲೀವ್ ಹಾಕಿಸಿದ್ರೆ ಆಯ್ತು ಮೇಷ್ಟ್ರೇ, ಮಿಕ್ಕಿದ್ದಕ್ಕೆ ಲೋಕಲ್ ಮಾಲು ಬರುತ್ತೆ, ಚೆನ್ನಾಗೇ ಓಡುತ್ತೆ’ ಎಂದರು ಅಜ್ಜ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅಪ್ಪನ ಗಾಡಿ ಓಡುವುದಕ್ಕೆ ಬೇರೆಯವರ ಗಾಡಿ ಬೇಕಾಗಿರಲಿಲ್ಲ.

ಆದರೆ ನನಗೆ ಒರಿಜಿನಲ್ಲೇ ಬೇಕಾಗಿತ್ತು. ಒಂದು ವರ್ಷ ರಜೆ ದಿನಗಳೆಲ್ಲ ಅದರಲ್ಲೇ ಕಳೆದವು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮೈಸೂರಿನ ಹಳೇ ಅಂಗಡಿಗಳ ಅಟ್ಟ. ಅಟ್ಟದ ಮೇಲಿಂದ ಎಣ್ಣೆ ಕಾಗದ ಸುತ್ತಿದ ಒಂದು ಹಳೇ ಸ್ಟಾಕಿನ ಸೀಲ್ ಸಿಕ್ಕಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಸಂತೋಷಕ್ಕೆ. ಬಿಚ್ಚಿ ನೋಡಿದರೆ ರಬ್ಬರು ಕಲ್ಲಾಗಿತ್ತು. ಹೊಸ ಲೋಕಲ್ ಸೀಲೇ ಹಾಕಬೇಕಾಯಿತು. ನಾನು ಕಲಿಯಲಿಲ್ಲ. ನಾನು ಕನ್ನಡ ಮೇಷ್ಟ್ರು, ಪದ ಬಿಡಿಸುವುದು ನನ್ನ ಚಾಳಿ. ಆ ಒಂದು ವರ್ಷ ‘ಬಿಡಿಭಾಗ, ಬಿಡಿಭಾಗ’ ಎಂದು ಜಪಿಸುತ್ತಿದ್ದವನಿಗೆ ಅದರೊಳಗಿರುವ ‘ಬಿಡಿ’ ಕೇಳಿಸಲೇ ಇಲ್ಲ.

ಕೊನೆಗೆ ಹುಣಸೂರಿನ ಕಡೆಯ ಒಂದು ಹಳ್ಳಿಯಲ್ಲಿ ಅದೇ ಮಾಡೆಲಿನ ಗಾಡಿ ಇದೆ ಎಂದು ತಿಳಿದು ಹೋದೆ. ವಯಸ್ಸಾದ ತಾಯಿ, ಯಜಮಾನರು ಹೋಗಿ ಐದಾರು ವರ್ಷ. ಗಾಡಿಗೆ ಹಳೇ ಕಂಬಳಿ ಹೊದಿಸಿದ್ದರು. ತೆಗೆದು ನೋಡಿದರೆ ನನಗೆ ಬೇಕಾದುದೆಲ್ಲ ಇದೆ. ಪ್ಲಗ್ ಒರೆಸಿ, ಹೊಸ ಪೆಟ್ರೋಲ್ ಹಾಕಿ ಹತ್ತಾರು ಕಿಕ್ ಹೊಡೆದ ಮೇಲೆ ಸ್ಟಾರ್ಟೂ ಆಯಿತು. ಆ ತಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು.

‘ಓಡುಸ್ತೀರಾ ಮೇಷ್ಟ್ರೇ, ಇಲ್ಲಾ ಬಿಚ್ಚಾಕ್ತೀರಾ?’ ಎಂದು ಕೇಳಿದರು. ‘ಗುಜ್ರಿಯೋನು ಹನ್ನೆರಡು ಸಾವ್ರ ಅಂದ. ಬಿಚ್ಚಾಕ್ತೀನಿ ಅಂದ, ಅದ್ಕೇ ಕೊಡ್ನಿಲ್ಲ.’

‘ಓಡಿಸ್ತೀನಿ ಕಣಮ್ಮ’ ಎಂದೆ.

ಒಂಬತ್ತು ಸಾವಿರಕ್ಕೆ ಕೊಟ್ಟರು. ಓಡಿಸುವವನಿಗೆ ಎಂದು ಮೂರು ಸಾವಿರ ಬಿಟ್ಟರು. ‘ಎಲ್ಲಾ ಸರಿಯಾದ ಮ್ಯಾಲೆ ಒಂದ್ ಸಲ ಈ ಕಡೆ ಓಡುಸ್ಕೊಂಡು ಬನ್ನಿ’ ಎಂದರು. ಮಜ್ಜಿಗೆ ಕೊಟ್ಟರು. ಕುಡಿದೆ.

ಮಾರನೆಯ ವಾರ ಅಜ್ಜನ ಶೆಡ್ಡಿನಲ್ಲಿ ಅದನ್ನು ಇಳಿಸಿದಾಗ ಅವರು ಒಂದು ಸುತ್ತು ಬಂದು, ‘ಇದು ಓಡೋ ಗಾಡಿ ಕಣ್ರೀ, ಬಿಚ್ಚಬೇಕಾ?’ ಎಂದರು. ಬಿಚ್ಚಿ ಎಂದೆ. ಸಿಲಿಂಡರು, ಗೇರು, ಸ್ಪೀಡೋಮೀಟರು ಸಮೇತ ಹೆಡ್‌ಲೈಟು ಅಪ್ಪನ ಗಾಡಿಗೆ ಬಂದವು. ಸ್ಪೀಡೋಮೀಟರ್ ಕೆಟ್ಟಿತ್ತು, ಗಾಡಿ ನಿಂತಿದ್ದರೂ ಮುಳ್ಳು ನಲವತ್ತರಲ್ಲೇ. ಹೊಸದು ಹಾಕೋಣ ಎಂದರೂ ಬೇಡ ಎಂದೆ, ಒರಿಜಿನಲ್ ಅಲ್ಲವೇ! ಮಿಕ್ಕಿದ್ದನ್ನು ಎರಡು ಗೋಣಿಚೀಲಕ್ಕೆ ತುಂಬಿ, ಫ್ರೇಮು, ಚಕ್ರಗಳ ಜೊತೆ ನಮ್ಮ ಕೊಟ್ಟಿಗೆಯಲ್ಲಿ ಹಾಕಿದೆ. ಆರ್.ಸಿ. ಬುಕ್ಕನ್ನು ನನ್ನ ಹೆಸರಿಗೆ ಮಾಡಿಸಲಿಲ್ಲ. ಅದರಲ್ಲಿ ಈಗಲೂ ಆ ತಾಯಿಯ ಯಜಮಾನರ ಹೆಸರೇ ಇದೆ. ಹೆಸರಿದೆ, ರಥವಿಲ್ಲ.

ಇದಾದ ಮೇಲೆ ನಾನು ನಿಮಗೆ ಆ ಚಿಂತನೆ ಬರೆದದ್ದು. ಸಿಲಿಂಡರು ಯೆಜ್ಡಿಯೋ? ಹೆಡ್‌ಲೈಟು ಯೆಜ್ಡಿಯೋ? 2022ರಲ್ಲಿ ಯೆಜ್ಡಿ ಎಂದು ಹೊಸ ಬೈಕು ಬಂತಲ್ಲ, ಅದು ಫೋರ್ ಸ್ಟ್ರೋಕು, ಎಂಜಿನ್ನೇ ಬೇರೆ, ಹೆಸರು ಮಾತ್ರ ಅದೇ, ನೋಡಿ ಹೇಗಿದೆ! ಹೀಗೆಲ್ಲ ಚೆನ್ನಾಗಿಯೇ ಬರೆದಿದ್ದೆ. ಆಗ ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದರು: ‘ಸರ್, ಬಿಚ್ಚಿದ ಗಾಡಿ ಯಾರದು?’ ನಾನು ಉತ್ತರ ಹಾಕಿದೆ: ‘ಗುಜರಿಯಲ್ಲಿ ಸಿಕ್ಕಿದ್ದು ಅಕ್ಕ.’ ಜೊತೆಗೊಂದು ಕೈಮುಗಿಯುವ ಚಿತ್ರ. ಹಳೆಯ ಸಂದೇಶಗಳನ್ನು ಅಳಿಸದವರ ಫೋನಿನಲ್ಲಿ ಅದು ಈಗಲೂ ಇರಬಹುದು.

ಕಳೆದ ತಿಂಗಳು ಭಾನುವಾರದ ಓದಿನಲ್ಲಿ ನಾವು ಮಿಲಿಂದ ಪ್ರಶ್ನೆಯಲ್ಲಿ ಮುಂದೆ ಬಂದು ಮಾವಿನಹಣ್ಣಿನ ಕಳ್ಳನ ಹತ್ತಿರ ನಿಂತೆವು. ನೆನಪಿದೆಯೇ? ಒಬ್ಬ ಇನ್ನೊಬ್ಬನ ತೋಟದ ಮಾವಿನಹಣ್ಣು ಕದ್ದ. ರಾಜನ ಮುಂದೆ ಅವನ ವಾದ: ಇವನು ನೆಟ್ಟ ಮಾವು ಬೇರೆ, ನಾನು ತೆಗೆದುಕೊಂಡ ಮಾವು ಬೇರೆ, ಹಾಗಾಗಿ ನನ್ನದು ತಪ್ಪಿಲ್ಲ. ಅವನು ಶಿಕ್ಷೆಗೆ ಅರ್ಹನೋ ಅಲ್ಲವೋ ಎಂದು ನಾಗಸೇನರು ಕೇಳುತ್ತಾರೆ. ಅರ್ಹನೇ ಎನ್ನುತ್ತಾನೆ ಮಿಲಿಂದ, ಏಕೆಂದರೆ ಮೊದಲಿನ ಮಾವಿನಿಂದಲೇ ಎರಡನೆಯದು ಬಂದದ್ದು. 

ಅವತ್ತು ಗಟ್ಟಿಯಾಗಿ ಓದುತ್ತಿದ್ದವನು ನಾನೇ. ಗಂಟಲು ಕಟ್ಟಿತು, ನೀರು ಕುಡಿದೆ. ಶೀತ ಎಂದುಕೊಂಡಿರಿ ನೀವು. ಅದೇ ಪುಸ್ತಕ, ಅದೇ ಇಬ್ಬರ ಮಾತುಕತೆ. ರಥ ಹೆಸರು ಮಾತ್ರ ಎಂದವರೇ, ಅದನ್ನು ಹಿಡಿದುಕೊಂಡು ಯಾವನಾದರೂ ನುಣುಚಿಕೊಳ್ಳಬಹುದು ಎಂದು ಗೊತ್ತಿದ್ದವರಂತೆ ಕಳ್ಳನನ್ನೂ ತಂದು ನಿಲ್ಲಿಸಿದ್ದಾರೆ. ನಾನು ರಥದ ಪುಟ ಓದಿ, ಕಳ್ಳನ ಪುಟ ಬರುವ ಮೊದಲೇ ಪುಸ್ತಕ ಮುಚ್ಚಿಬಿಟ್ಟಿದ್ದೆ. 

ಇನ್ನೂ ಒಂದು ಸಂಗತಿ. ಆ ತಾಯಿಯ ಗಾಡಿ ನನಗೆ ಬರೀ ಗಾಲಿ, ಅಚ್ಚು, ನಟ್ಟು, ಬೋಲ್ಟು. ಅನಾತ್ಮ ಅಲ್ಲಿ ಬಹಳ ಸಲೀಸಾಗಿ ಕಂಡಿತು. ಅಪ್ಪನ ಗಾಡಿ ಮಾತ್ರ ಅಪ್ಪನೇ. ಅದರ ಒಂದು ಬೋಲ್ಟೂ ಲೋಕಲ್ ಆಗಕೂಡದು. ಇದು ಧಮ್ಮದ ತಿಳಿವಳಿಕೆಯಲ್ಲ, ಧಮ್ಮದ ಮಾತಿನಲ್ಲಿ ಮಾಡಿದ ವ್ಯಾಪಾರ. ಸುಳ್ಳು ತೂಕ, ಸುಳ್ಳು ಅಳತೆಯಿಂದ ದೂರವಿರುವುದನ್ನು ಬುದ್ಧರು ಶೀಲಗಳಲ್ಲಿ ಸೇರಿಸಿದ್ದಾರೆ. ನನ್ನ ತಕ್ಕಡಿಯಲ್ಲಿ ಒಂದೇ ಮಾದರಿಯ ಎರಡು ಗಾಡಿಗೆ ಎರಡು ತೂಕ ಇತ್ತು. ಕೊಡದಿದ್ದುದನ್ನು ತೆಗೆದುಕೊಳ್ಳಬಾರದು ಎಂಬುದು ಎರಡನೆಯ ಶೀಲ. ಕೊಟ್ಟರಲ್ಲ, ದುಡ್ಡೂ ಕೊಟ್ಟೆನಲ್ಲ ಎಂದು ಬಹಳ ದಿನ ವಾದಿಸಿಕೊಂಡೆ. ಅವರು ಕೊಟ್ಟದ್ದು ಓಡಿಸುವವನಿಗೆ. ನಾನು ಅವನಲ್ಲ. ಅಲ್ಲಿಗೆ ಅದು ಕೊಡದೇ ಇದ್ದುದು.

ಮಗ ರಾಹುಲನಿಗೆ ಬುದ್ಧರು ಹೇಳಿದ ಮಾತಿದೆ: ಮೈಯಿಂದಲೋ ಮಾತಿನಿಂದಲೋ ತಪ್ಪಾದರೆ ಅದನ್ನು ಗುರುಗಳ ಮುಂದೆ, ಬಲ್ಲ ಸಂಗಾತಿಗಳ ಮುಂದೆ ತೆರೆದಿಡಬೇಕು. ಭಾಬ್ರು ಶಾಸನದಲ್ಲಿ ಅಶೋಕ, ಸುಳ್ಳಿನ ವಿಷಯವಾಗಿ ರಾಹುಲನಿಗೆ ಮಾಡಿದ ಉಪದೇಶ ಎಂದು ಹೆಸರಿಸಿ, ಭಿಕ್ಷುಗಳೂ ಉಪಾಸಕರೂ ಕೇಳಬೇಕಾದವುಗಳಲ್ಲಿ ಅದನ್ನು ಸೇರಿಸಿದ್ದಾನೆ. ನನಗೆ ಸಂಗಾತಿಗಳು ಎಂದರೆ ನೀವೇ. ಆದರೆ ನಿಮಗೆ ಹೇಳುವ ಮೊದಲು ಅಲ್ಲಿಗೆ ಹೋಗಬೇಕಿತ್ತು.

ಹೋದ ಭಾನುವಾರ ಅಪ್ಪನ ಯೆಜ್ಡಿಯಲ್ಲೇ ಹೋದೆ. ಶಬ್ದ ಕೇಳಿ ಆ ತಾಯಿ ಹೊರಗೆ ಬಂದರು. ಮುಖ ಅರಳಿತು. ಹತ್ತಿರ ಬಂದು ಟ್ಯಾಂಕು ನೋಡಿದರು, ಬಣ್ಣ ನೋಡಿದರು, ‘ಇದು ನಮ್ಮುದ್ದಲ್ಲ’ ಎಂದರು. ಆಮೇಲೆ ಹೆಡ್‌ಲೈಟಿನ ಮೇಲೆ ಬಗ್ಗಿದರು. 

‘ಇದು ನಮ್ಮುದು. ಮುಳ್ಳು ನಲವತ್ತರಲ್ಲೇ ಅದೆ. ನಾನ್ಯಾವತ್ತೂ ನಲವತ್ತರ ಮ್ಯಾಲೆ ಹೋಗಲ್ಲ ಕಣೆ ಅಂತ ತಮಾಸೆ ಮಾಡೋರು.’

ಅಲ್ಲೇ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಕವರಿನಲ್ಲಿ ಇಪ್ಪತ್ತು ಸಾವಿರ ತಂದಿದ್ದೆ. ಬೇಡ ಎನ್ನಬಹುದು ಎಂದು ಒಳಗೊಳಗೇ ಕಾಯುತ್ತಿದ್ದೆನೇನೋ. ಅವರು ಎರಡು ಸಲ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡರು.

‘ದುಡ್ಡು ಸರಿ ಮೇಷ್ಟ್ರೇ. ಗಾಡಿ?’

ಈ ವಾರ ಎರಡು ಚೀಲಗಳನ್ನೂ ಫ್ರೇಮನ್ನೂ ಅಜ್ಜನ ಶೆಡ್ಡಿಗೆ ಸಾಗಿಸಿದ್ದೇನೆ. ಚೀಲ ಸುರಿದು ನೋಡಿ ಜೋಡಿಸಬಹುದು ಎಂದರು. ಒರಿಜಿನಲ್ ಸಿಲಿಂಡರು ಒಂದೇ, ಹೆಡ್‌ಲೈಟು ಒಂದೇ, ಯಾವ ಗಾಡಿಗೆ ಲೋಕಲ್ ಹಾಕಲಿ ಎಂದು ಕೇಳಿದರು. ನಮ್ಮಪ್ಪನದ್ದಕ್ಕೆ ಎಂದೆ. ಹೇಳುವಾಗ ಸಂಕಟವಾಗಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ನಲವತ್ತರ ಮುಳ್ಳನ್ನು ರಿಪೇರಿ ಮಾಡಬೇಡಿ ಎಂದೂ ಹೇಳಿ ಬಂದಿದ್ದೇನೆ.

ಕೆಲಸ ಮುಗಿಯುವವರೆಗೆ ಭಾನುವಾರಗಳಂದು ನಾನು ಶೆಡ್ಡಿನಲ್ಲಿರುತ್ತೇನೆ. ಮಿಲಿಂದ ಪ್ರಶ್ನೆಯ ಓದನ್ನು ಅಷ್ಟು ದಿನ ಬೇರೆ ಯಾರಾದರೂ ವಹಿಸಿಕೊಳ್ಳಿ. ಅವತ್ತು ಪ್ರಶ್ನೆ ಕೇಳಿದ ಅಕ್ಕ ಒಪ್ಪಿದರೆ ಅವರೇ ಓದಲಿ. ನನ್ನ ಪುಸ್ತಕವನ್ನು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ, ಮಾವಿನಹಣ್ಣಿನ ಪುಟದಲ್ಲಿ ಗುರುತಿನ ಚೀಟಿ ಇದೆ.